ಹಿಂದಿನ ಸೀಟಿನವನು

ನವೆಂಬರ್ 9, ಶನಿವಾರ

ಟ್ರೈನು ಇವತ್ತೂ ಲೇಟು. ಮಂಡ್ಯದ ಲ್ಯಾಬಿನಲ್ಲಿ ಮೂವತ್ತೆಂಟು ರಕ್ತದ ಸ್ಯಾಂಪಲ್. ಹನಕೆರೆಗೆ ವಾಪಸ್ ಬಂದವಳೇ ಶೋಕೇಸಿನಲ್ಲಿರುವ ನನ್ನ ಪುಟ್ಟ ಮಾಡೆಲ್ ವಿಮಾನ, ಡಾಂಟ್‌ಲೆಸ್‌ನ ಧೂಳು ಒರೆಸಿದೆ. ಎಂಟು ವರ್ಷದ ಹಿಂದೆ ಮೊದಲ ಸಂಬಳದಲ್ಲಿ ತರಿಸಿಕೊಂಡದ್ದು. ಗೇಣಿಗಿಂತ ಚಿಕ್ಕದು, ಲೋಹದ್ದು. ಅಸಲಿಯದು ಎರಡನೇ ಮಹಾಯುದ್ಧದಲ್ಲಿ ಹಡಗಿನಿಂದ ಹಾರಿ, ನೆಟ್ಟಗೆ ಧುಮುಕಿ ಬಾಂಬು ಹಾಕುತ್ತಿದ್ದ ವಿಮಾನ. ಮುಂದೆ ಪೈಲಟ್. ಅವನಿಗೆ ಬೆನ್ನು ಕೊಟ್ಟು, ಬಾಲದ ಕಡೆ ಮುಖ ಮಾಡಿ ಗನ್ನು ಹಿಡಿದು ಕೂತವನು ಇನ್ನೊಬ್ಬ. ಇವನೇ ನನಗಿಷ್ಟ. ಎಲ್ಲಿಗೆ ಬೀಳುತ್ತಿದ್ದೇವೆ ಅಂತ ಕಾಣುವುದೇ ಇಲ್ಲ, ಪಾಪ.

ನಾಳೆ ನನ್ನನ್ನು ನೋಡಲು ಮಳವಳ್ಳಿಯವರು ಬರುತ್ತಾರೆ.

ನವೆಂಬರ್ 10, ಭಾನುವಾರ

ಬಂದರು. ಹುಡುಗ ಶಶಿಧರ್, ಕಾಲೇಜು ಲೆಕ್ಚರರ್. ಉಪ್ಪಿಟ್ಟು ಬಿಟ್ಟು ಶೋಕೇಸನ್ನೇ ನೋಡಿದರು.

"ಇದು ಯಾರ್ದು?"

ಬಾಯಿ ತೆರೆದೆ. ಅವ್ವ ಮೊದಲೇ — "ನಮ್ ಪುನೀತಂದು ಕಣಪ್ಪ. ಅವ್ನಿಗೆ ಇಂಥದ್ರ ಉಚ್ಚು."

ಅಣ್ಣ ತಲೆಯಾಡಿಸಿದ! ಅವನಿಗೆ ಗೊತ್ತಿರುವುದು ಟ್ರ್ಯಾಕ್ಟರ್ ಒಂದೇ.

"ರೆಕ್ಕೆ ಪಟ್ಟೀಲಿ ಇಷ್ಟೊಂದು ತೂತು ಯಾಕೆ?"

"ಗಾಳಿ ಆಡ್ಲಿ ಅಂತ ಸಾರ್."

ಅದು ಬ್ರೇಕ್. ಧುಮುಕುವಾಗ ವೇಗ ಹಿಡಿಯುವ ಬ್ರೇಕ್. ಕಾಫಿ ಟ್ರೇ ಹಿಡಿದು ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಅವರು ಹೋದ ಮೇಲೆ ಜಗಳ. "ಬಾಂಬು ಆಕೋ ಇಮಾನ ಎಣ್ಮಗ್ಳು ಇಟ್ಕಂಡವ್ಳೆ ಅಂದ್ರೆ ಏನಂದ್ಕಂಡಾರು? ಸುಮ್ಕಿರು" ಅಂದಳು ಅವ್ವ. ಸುಮ್ಮನಾದೆ. ನನ್ನ ಮೇಲೇ ಸಿಟ್ಟು. ಹುಡುಗ ಇಷ್ಟವಾದ... ಅದೇ ಕಷ್ಟ.

ನವೆಂಬರ್ 17, ಭಾನುವಾರ, ಬೆಳಿಗ್ಗೆ 8

ಒಪ್ಪಿದ್ದಾರೆ. ನಾನೂ ಹೂಂ ಅಂದಿದ್ದೇನೆ. ಇವತ್ತು ನಮ್ಮವರು ಅವರ ಮನೆ ನೋಡಲು ಹೋಗುತ್ತಾರೆ. ಹುಡುಗಿ ಹೋಗುವಂತಿಲ್ಲ. ಬಾಳುವವಳು ನಾನು, ಮನೆ ನೋಡುವವರು ಇವರು!

ಅಣ್ಣ ಶೋಕೇಸಿನಿಂದ ಡಾಂಟ್‌ಲೆಸ್ ತೆಗೆದ. "ಭಾವ ಆಸೆಪಟ್ರು ಕಣೆ. ಕೊಟ್ಬುಟ್ಟು ಬತ್ತೀನಿ."

"ಅದು ನಂದು ಕಣಣ್ಣ."

"ಈಗ ಅಂಗಂದ್ರೆ ಅವ್ವ ಸುಳ್ಳೇಳ್ದಂಗಾಗಲ್ವ? ನೀನ್ ಓಗೋ ಮನೇಗೇ ತಾನೆ ಓಯ್ತಿರೋದು."

ನಾನೇ ಪ್ಯಾಕ್ ಮಾಡಿಕೊಟ್ಟೆ. ಅವನು ತುರುಕಿದ್ದರೆ ಆಂಟೆನಾ ಮುರಿಯುತ್ತಿತ್ತು. ಕೈಯಾರೆ ಕಟ್ಟಿಕೊಟ್ಟೆನಲ್ಲ... ಥೂ.

ಡಿಸೆಂಬರ್ 3

ಶೋಕೇಸಿನಲ್ಲೀಗ ಅಣ್ಣನ ಹೆಲ್ಮೆಟ್.

ಶಶಿಧರ್ ದಿನಾ ಮೆಸೇಜ್ ಮಾಡುತ್ತಾರೆ. ಒಳ್ಳೆಯವರು. ನನಗೇನು ಹವ್ಯಾಸ ಅಂತ ಕೇಳಿದರು. ಅಡುಗೆ, ರಂಗೋಲಿ ಅಂದೆ. ರಂಗೋಲಿ! ನೆಟ್ಟಗೆ ನಾಲ್ಕು ಗೆರೆ ಎಳೆಯಲು ಬರುವುದಿಲ್ಲ ನನಗೆ. ಅವ್ವನ ಒಂದು ಸುಳ್ಳು ಕಾಯಲು ನಾನು ದಿನಕ್ಕೊಂದು ಹೇಳುತ್ತಿದ್ದೇನೆ.

ಡಿಸೆಂಬರ್ 7, ಶನಿವಾರ, ಸಂಜೆ 6

ನಾಳೆ ನಿಶ್ಚಿತಾರ್ಥ. ಮನೆ ತುಂಬ ನೆಂಟರು. ಬಚ್ಚಲಿನ ಪಕ್ಕ ಕೂತು ಬರೆಯುತ್ತಿದ್ದೇನೆ.

ಈಗ ತಾನೇ ಶಶಿಧರ್ ಫೋಟೊ ಕಳಿಸಿದರು. "ಒರೆಸುವಾಗ ಹಿಂದಿನ ಸೀಟಿನವನು ಕಳಚಿಬಿದ್ದ. ಫೆವಿಕ್ವಿಕ್ ರೆಡಿ. ಮುಖ ಯಾವ ಕಡೆ? ನಿಮ್ಮಣ್ಣನ್ನ ಕೇಳಿ ಹೇಳ್ತೀರಾ?"

ಕೇಳಿದೆ. ಅಣ್ಣ ಶಾಮಿಯಾನದ ಹಗ್ಗ ಬಿಗಿಯುತ್ತಲೇ ಅಂದ — "ಮುಂದ್ಕೇ ಕಣೆ. ಬಸ್ಸಲ್ಲಿ ಇಂದಕ್ ಮಖ ಮಾಡ್ಕಂಡು ಯಾವನಾರ ಕೂತಾನಾ?"

ಒಂದು ಸಲ ಅಂಟಿದರೆ ಮುಗಿಯಿತು, ಬಿಡಿಸಲಾಗದು. ಮುಂದಕ್ಕೆ ಅಂತ ಕಳಿಸಿದರೆ ಎಲ್ಲರಿಗೂ ನೆಮ್ಮದಿ. ಆಮೇಲೆ ಆ ಮನೆಯಲ್ಲಿ, ತಪ್ಪಾಗಿ ಕೂತ ಅವನ ಧೂಳನ್ನು ನಾನು ಬದುಕಿರುವವರೆಗೂ ಒರೆಸುತ್ತಿರಬೇಕು. ಬಾಯಿ ಬಿಡದೆ.

ಅವ್ವ ಸೀರೆ ಹಿಡಿದು ಕೂಗುತ್ತಿದ್ದಾಳೆ. ಶಶಿಧರ್ ಮತ್ತೆ — "ಹೇಳಿ, ಅಂಟಿಸ್ಲಾ?"

ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಕಳಿಸುತ್ತೇನೆ.

ಹಿಂದಕ್ಕೆ. ಮುಖ ಹಿಂದಕ್ಕೆ. ಇದು ಅಣ್ಣ ಹೇಳಿದ್ದಲ್ಲ, ನಾನು ಹೇಳ್ತಿರೋದು. ವಿಮಾನ ನಂದು.