ಬೇವಾರ್ಸಿ ಎಂದವರಿಗೆ

ಬಳ್ಳಾರಿ ನೆರಳುಪೇಟೆ, ೨೧೯೩ನೇ ಇಸವಿ, ಫೆಬ್ರವರಿ ಮೂವತ್ತು.

ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನವಿಲ್ಲ, ಗೊತ್ತು. ನಮ್ಮದರಲ್ಲಿದೆ. ನನ್ನ ಮಾತು ವಿಚಿತ್ರವೆನಿಸಿದರೆ ಸಹಿಸಿಕೊಳ್ಳಿ. ಮೂರನೇ ತರಗತಿಗೇ ಶಾಲೆ ಬಿಟ್ಟವನು ನಾನು. ನಿಮ್ಮ ಕಾಲದ ನದಿಗಳು ನಮಗೆ ಬರಲಿಲ್ಲ, ಬೈಗುಳವೊಂದು ಮಾತ್ರ ಸವೆಯದೆ ಬಂತು: ಬೇವಾರ್ಸಿ. ಓದಿದವರು ಅದನ್ನು ಬಿಡಿಸಿ ಹೇಳುತ್ತಾರೆ. 'ಬೇ' ಎಂದರೆ ಇಲ್ಲದ, 'ವಾರಿಸ್' ಎಂದರೆ ವಾರಸುದಾರ. ಪರ್ಷಿಯನ್ನಿನಿಂದ ಉರ್ದುವಿಗೆ, ಅಲ್ಲಿಂದ ಕಚೇರಿಗೆ ಬಂದು ಕೇಳುವವರಿಲ್ಲದ ಆಸ್ತಿಗೆ ಅಂಟಿತಂತೆ. ಆಮೇಲೆ ಬೀದಿ ಮಕ್ಕಳಿಗೆ. ಪಾಠ ಸರಿಯಿರಬಹುದು. ಅರ್ಥ ಶುದ್ಧ ಸುಳ್ಳು.

ಇಲ್ಲಿ ಬಿಸಿಲು ಕೊಲ್ಲುತ್ತದೆ. ಊರಿಗೆ ಊರೇ ದಪ್ಪ ಬಟ್ಟೆಯೊಂದರ ಕೆಳಗಿದೆ. ಅದನ್ನು ಹಾಸುಮುಗಿಲು ಎನ್ನುತ್ತೇವೆ. ನಾನು ಹುಡುಗನಾಗಿದ್ದಾಗ ಅದರಡಿ ಇರಲು ಮಕ್ಕಳಿಗೆ ಹೊಣೆಗಾರರು ಬೇಕಿತ್ತು. ಹೊಣೆಯಿಲ್ಲದವರನ್ನು ಯುಗಾದಿಯ ಮರುದಿನ ಚೌಕದಲ್ಲಿ ನಿಲ್ಲಿಸುತ್ತಿದ್ದರು. ಯಾರಾದರೂ ಬಂದು ತಲೆಯ ಮೇಲೆ ಕೈಯಿಟ್ಟು "ಇವ ನಮ್ಮವ" ಎಂದರೆ ಮುಗಿಯಿತು. ಅದಕ್ಕೆ ತಲೆಗೈ ಎಂದು ಹೆಸರು. ಯಾರೂ ಕೈಯಿಡದವರನ್ನು ಬಟ್ಟೆಯಾಚೆಯ ಬಯಲಿಗೆ ತಳ್ಳುತ್ತಿದ್ದರು.

ಹುಲಿಗೆಮ್ಮ ಒಗ್ಗರಣೆ ಮಂಡಕ್ಕಿ ಮಾರುತ್ತಿದ್ದಳು. ಪಾತ್ರೆ ತೊಳೆದುಕೊಡುತ್ತಿದ್ದ ನನಗೆ ಅವಳ ಅಂಗಡಿಯ ಹಿಂದೆಯೇ ಊಟ, ಅಲ್ಲೇ ನಿದ್ದೆ. ಜ್ವರ ಬಂದಾಗ ಸೆರಗಿನಿಂದ ಹಣೆ ಒರೆಸಿದವಳು.

"ಯಾಕ ಅಂಜ್ತೀಯಲೇ ಗಾದಿಲಿಂಗ, ನಾನಿಲ್ಲೇನು? ತಲಿ ತೊಳ್ಕೊಂಡು ನಿಂದ್ರು, ನನ್ ಕೈ ಜಿಡ್ಡಾದೀತು" ಎಂದು ಚೌಕಕ್ಕೆ ಹೋಗುವ ಹಿಂದಿನ ರಾತ್ರಿ ನಗಿಸಿದ್ದಳು.

ತೊಳೆದುಕೊಂಡು ನಿಂತೆ. ನನ್ನ ಹೆಸರು ಕೂಗಿದರು. ಅವಳು ಎದುರಿಗೇ ಇದ್ದಳು, ಪಕ್ಕದಲ್ಲಿ ಹೊಸ ಗಂಡ. ಅವನು ಅವಳತ್ತ ನೋಡಿದ. ಅವಳು ತಲೆ ತಗ್ಗಿಸಿ ಕಾಲ್ಬೆರಳಿನಿಂದ ಮಣ್ಣು ಕೆದಕತೊಡಗಿದಳು. ಮತ್ತೆ ಕೂಗಿದರು. ಕೆದಕುತ್ತಲೇ ಇದ್ದಳು.

ಕಾವಲಿನವನು ನನ್ನ ರಟ್ಟೆ ಹಿಡಿದ. "ನಡಿಯಲೇ ಬೇವಾರ್ಸಿ."

ಬಯಲಿನಲ್ಲಿ ಬೆನ್ನಿನ ಚರ್ಮ ಸುಲಿದು ಬಂತು. ತಡೆಯಲಾಗದೆ ಒಮ್ಮೆ ಬಟ್ಟೆಯಡಿ ನುಸುಳಿ ಅವಳ ಅಂಗಡಿಗೇ ಹೋದೆ. ಗಿರಾಕಿಗಳಿದ್ದರು.

"ಯಾವುದೋ ಬೇವಾರ್ಸಿ ಬಂದೈತಿ, ಓಡಿಸ್ರೀ ಅತ್ಲಾಗ" ಎಂದಳು. ದನಿ ನಡುಗಲೂ ಇಲ್ಲ.

ಯಾರೂ ಇಲ್ಲದವನಂತೆ! ಹಾಗೆ ಅರ್ಥ ಬರೆದವರ ಬಾಯಿಗೆ ಮಣ್ಣು ಬೀಳಲಿ. ನನಗೆ ಇದ್ದಳು. ಇದ್ದೂ ಬಾರದವರು ತಮ್ಮ ನಾಚಿಕೆ ಮುಚ್ಚಿಕೊಳ್ಳಲು ಮಗುವಿಗೆ ಹಚ್ಚುವ ಹೆಸರು ಅದು. ನಿಮ್ಮ ಬೀದಿಯಲ್ಲಿ ಆ ಮಾತು ಕೇಳಿಸಿದರೆ ಮಗುವನ್ನು ದಿಟ್ಟಿಸಬೇಡಿ, ಸುತ್ತ ನಿಂತು ನೆಲ ನೋಡುತ್ತಿರುವವರು ಯಾರೆಂದು ನೋಡಿ. ಅದು ನೀವೇ ಆಗಿದ್ದರೆ ನನ್ನ ಕ್ಷಮೆ ಕೇಳಬೇಡಿ. ನಿಮ್ಮ ಕಾಲಕ್ಕೆ ನಾನಿನ್ನೂ ಹುಟ್ಟಿಲ್ಲ. ಎದುರಿಗೆ ನಿಂತಿರುವವನು ಹುಟ್ಟಿದ್ದಾನೆ, ಹೋಗಿ ತಲೆಯ ಮೇಲೆ ಕೈಯಿಡಿ.

ಗಾದಿಲಿಂಗ