ಒಳಗಿನಿಂದ ಎರಡು ಸಲ

ಕುಳ್ಳ,

ಇದನ್ನು ನಿನಗೆ ಕಳಿಸುವುದಿಲ್ಲ, ಹಾಗಾಗಿ ಹೇಗಿದ್ದೀಯ ಎಂದು ಕೇಳುವ ಗೋಜಿಗೂ ಹೋಗುವುದಿಲ್ಲ.

ಇವತ್ತು ನಮ್ಮ ಹಳೆಯ ಸೀಪ್ಲೇನನ್ನು ದಡಕ್ಕೆಳೆದು, ದೋಣಿಯಂಥ ಅದರ ಫ್ಲೋಟುಗಳ ಪಾಚಿ ಕೆರೆದೆ. ಬಣ್ಣ ಸುಲಿದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರಿತು. ಹೊಸ ಬಣ್ಣಕ್ಕೆ ಮೊದಲು ತಗಡು ಬಿಗಿಯುವ, ಸಡಿಲಾದ ಒಂದು ರಿವೆಟ್ ಮೊಳೆ ಬದಲಿಸಬೇಕಿತ್ತು. ಅದು ಒಬ್ಬನ ಕೈಲಾಗುವ ಕೆಲಸವೇ? ಹೊರಗಿನಿಂದ ನಾನು ಬಡಿಯುವಾಗ, ಫ್ಲೋಟಿನ ಕಿಂಡಿಯಲ್ಲಿ ತೋಳು ತೂರಿಸಿ ಕಬ್ಬಿಣದ ತುಂಡನ್ನು ಒತ್ತಿಹಿಡಿಯಲು ನೀನಿದ್ದೆ. ನಿನ್ನ ನಾಲಿಗೆ ಎಷ್ಟೇ ಉದ್ದವಿದ್ದರೂ ಅಲ್ಲಿ ಮಾತಿರಲಿಲ್ಲ. ಒಳಗಿನಿಂದ ನೀನು ಒಮ್ಮೆ ತಟ್ಟಿದರೆ ಇನ್ನಷ್ಟು ಬಡಿ ಎಂದರ್ಥ, ಎರಡು ಸಲ ತಟ್ಟಿದರೆ ಸಾಕು ಎಂದರ್ಥ.

ನೀನು ನನ್ನೊಡನೆ ಮಾತು ಬಿಟ್ಟು ಹೋದ ಮೇಲೆ ಕೆಲಸಕ್ಕೆ ಬೇರೆ ಯಾರನ್ನೂ ಇಟ್ಟುಕೊಂಡಿಲ್ಲ. ಇವತ್ತು ಪೈಲಟ್ಟೇ ಅಂಗಿಯ ತೋಳೇರಿಸಿ ಬಂದರು. ರಿವೆಟ್ ಚೆನ್ನಾಗಿಯೇ ಕೂತಿತು. ನಾನು ಮಾತ್ರ ತಗಡಿಗೆ ಕಿವಿಯಿಟ್ಟು ನಿಂತಿದ್ದೆ.

“ಏನ್ ಕೇಳಿಸ್ಕೊಳ್ತಿದ್ದೀರಿ?” ಎಂದರು ಪೈಲಟ್.

“ನೀರು ಸೋರ್ತಿದ್ಯಾ ಅಂತ.”

“ದಡದ ಮೇಲಾ?”

ಅವರು ಹೋದ ಮೇಲೆ, ತರಚಿದರೆ ತರಚಲಿ ಎಂದು ನನ್ನ ದಪ್ಪ ತೋಳನ್ನೇ ಆ ಕಿಂಡಿಗೆ ತೂರಿಸಿ, ಒಳಗಿನಿಂದ ಎರಡು ಸಲ ತಟ್ಟಿದೆ. ಆಮೇಲೆ ಬಣ್ಣದ ಡಬ್ಬಿ ತೆರೆದೆ.