ಒಂದೇ ಸಲ ಕೇಳಿದಳು

ನವೆಂಬರ್ ೧೮, ಮಂಗಳವಾರ

ಆ ನರ್ಸ್ ಹೇಳಿದ್ದು ಕಿವಿ ಬಿಟ್ಟು ಹೋಗುತ್ತಿಲ್ಲ. ಸಂಜೆ ನಾನು ಅಕ್ಕನ ಮಂಚದ ಪಕ್ಕದಿಂದ ಚೀಲ ಎತ್ತಿಕೊಂಡು ಹೊರಟಾಗ ಮೆತ್ತಗಿನ ಇಂಗ್ಲಿಷಿನಲ್ಲಿ ಅಂದಳು: ಇಷ್ಟವಿದ್ದರೆ ರಾತ್ರಿ ಇಲ್ಲೇ ಇರಬಹುದು, ಕುರ್ಚಿ ತರಿಸುತ್ತೇನೆ.

ಉಪಚಾರದ ಮಾತು ಅಂದುಕೊಂಡೆ. ಈ ದೇಶಕ್ಕೆ ಬಂದಾಗಿನಿಂದ ಹೋಟೆಲಿನಲ್ಲಿ ರೂಮು ಗುಡಿಸುವಾಗ ನಾನೂ ಗಿರಾಕಿಗಳಿಗೆ ದಿನಾ ‘ಇಫ್ ಯು ಲೈಕ್’ ಅನ್ನುತ್ತೇನೆ, ಮನಸ್ಸಿನಿಂದಲ್ಲ. “ನೋ, ನೋ, ಥ್ಯಾಂಕ್ಯೂ” ಅಂದೆ. ನಮ್ಮಲ್ಲಿ ಮೊದಲ ಸಲಕ್ಕೇ ಯಾರು ಹೂಂ ಅನ್ನುತ್ತಾರೆ? ಬೇಡ ಅನ್ನಬೇಕು, ಅವರು ಒತ್ತಾಯ ಮಾಡಬೇಕು, ಆಮೇಲೆ ಕೂರಬೇಕು. ಹಾಳು ಮರ್ಯಾದೆ. ಅವಳು ಒತ್ತಾಯ ಮಾಡಲಿಲ್ಲ. ತಲೆಯಾಡಿಸಿ ಹೋದಳು.

ಊಟಕ್ಕೆ ಕೂತಾಗ ಮಗಳಿಗೆ ಹೇಳಿದೆ. ಅವಳ ಕೈ ತಟ್ಟೆಯಲ್ಲೇ ನಿಂತಿತು.

“ಅಮ್ಮಾ, ಅವರು ಎಲ್ಲರಿಗೂ ಹಾಗೆ ಹೇಳಲ್ಲ. ಇವತ್ತು ಬಿಟ್ಟು ಹೋಗ್ಬೇಡಿ ಅನ್ನೋದನ್ನೇ ಅವರು ಹಾಗೆ ಹೇಳೋದು.”

ವಾಪಸ್ ಹೊರಡಲು ಚಪ್ಪಲಿ ಮೆಟ್ಟುವಷ್ಟರಲ್ಲಿ ವಾರ್ಡಿನಿಂದ ಫೋನ್ ಬಂತು. ಅಕ್ಕ ಹೋಗಿಬಿಟ್ಟಿದ್ದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಮಗಳು ನನ್ನ ತಲೆ ಸವರಿ, “ಅವರ ಭಾಷೆ ಅಮ್ಮಾ, ನಿಂಗೆ ಹೇಗೆ ಗೊತ್ತಾಗ್ಬೇಕು?” ಅಂದು ಮಲಗಿದಳು. ಹೂಂ ಅಂದೆ.

ಅವಳಿಗೆ ಹೇಳದೇ ಇದ್ದದ್ದು ಒಂದಿದೆ. ನರ್ಸ್ ಆಚೆ ಹೋದ ಮೇಲೆ ಅಕ್ಕ ನನ್ನ ಬೆರಳು ಹಿಡಿದುಕೊಂಡು, “ಹೋಗೇ, ನಿಂಗೆ ಹೊತ್ತಾಗುತ್ತೆ” ಅಂದಳು. ಅಂದಳೇ ಹೊರತು ಬೆರಳು ಬಿಡಲಿಲ್ಲ. ನಾನೇ ಬಿಡಿಸಿಕೊಂಡೆ.

ಅಕ್ಕ ಹೇಳಿದ್ದು ಕನ್ನಡದಲ್ಲೇ ಅಲ್ಲವೇ?